ಮೊದಲನೆಯವನ ಅಳತೆ

"ದಮ್ಮಯ್ಯ ಅಂತೀನಿ ಭಾವ, ಆ ಕಪ್ಪು ಸೂಟು ಮಾತ್ರ ಹಾಕ್ಕೋಬೇಡಿ," ಎಂದಳು ಹೆಂಡತಿಯ ತಂಗಿ, ಅಂಟಿನ ಡಬ್ಬಿ ಮುಚ್ಚುತ್ತ. "ಅಕ್ಕ ಅದರ ಅಂಟಿಗೆ ಸತ್ತ ಮೊದಲ್ನೇ ಭಾವನ ಕೂದಲು ಸುಟ್ಟು ಬೆರೆಸಿದಾಳೆ. ಮಾಟ ಮಾಡಿಸಿದಾಳೆ. ಹಾಕ್ಕೊಂಡೋರ ಮೈ ಆ ಅಳತೆಗೆ ಇಳಿಯುತ್ತೆ."

"ಒಳ್ಳೇದೇ ಆಯ್ತು, ನನ್ನ ಡೊಳ್ಳು ಕರಗಲಿ!" ಎಂದು ಅವನು ಗಹಗಹಿಸಿ ನಕ್ಕ.

ನಗು ಬಾಯಲ್ಲಿತ್ತು, ಅಷ್ಟೆ. ಮದುವೆಯಾಗಿ ಆರು ತಿಂಗಳು. ಗಂಡಸರಿಗೆ ಲ್ಯಾಟೆಕ್ಸ್ ರಬ್ಬರಿನ ಹಾಳೆ ಅಂಟಿಸಿ ಮೈಗೆ ಬಿಗಿಯುವ ಉಡುಪು ಮಾಡಿಕೊಡುವ ಈ ಹೆಂಡತಿ ಮೊದಲ ಗಂಡನ ಕಪ್ಪು ಸೂಟನ್ನು ವಾರವಾರವೂ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಸಿಲಿಕೋನ್ ಎಣ್ಣೆ ಸವರಿ ಹೊಳೆಯಿಸುತ್ತಿದ್ದಳು. ಇವನಿಗೆ ಜ್ವರ ಬಂದಾಗಲೂ ಆ ಕೈ ಅಷ್ಟು ಮೆತ್ತಗೆ ಮೈಮೇಲೆ ಆಡಿರಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು! ಯಾರ ಹತ್ತಿರ ಹೇಳಿಕೊಳ್ಳುವುದು, ಕರ್ಮ!

ಮರುದಿನ ಮಧ್ಯಾಹ್ನ ಅಕ್ಕತಂಗಿಯರು ಗಿರಾಕಿಯೊಬ್ಬನ ಅಳತೆ ತೆಗೆಯಲು ಹೋದದ್ದೇ ತಡ, ಅವನು ಕೆಲಸದ ಕೋಣೆಗೆ ನುಗ್ಗಿದ. ಬಿಸಿಲಿಗೆ ರಬ್ಬರ್ ಹಾಳಾಗುತ್ತದೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ, ಹಾಡಹಗಲೇ ಮಬ್ಬುಗತ್ತಲು. ಅಂಟಿನ ಘಾಟು, ಪೌಡರಿನ ಸಿಹಿ ಪರಿಮಳ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಮೈಗೆಲ್ಲ ಪೌಡರ್ ಬಳಿದುಕೊಂಡು ಸೂಟಿನೊಳಗೆ ಕಾಲು ತೂರಿಸಿದ. ಸತ್ತವನು ಕಡ್ಡಿಪೈಲ್ವಾನ, ಇವನ ತೊಡೆಗೇ ಸೂಟು ಹರಿಯಬೇಕು. ಹರಿದರೆ ಹರಿಯಲಿ, ಪೀಡೆ ತೊಲಗಿತು!

ಹರಿಯಲಿಲ್ಲ. ಕಿರ್ರೆನ್ನುತ್ತ ಮೇಲೇರಿತು. ಜಿಪ್ಪು ತಾನಾಗಿಯೇ ಕತ್ತಿನವರೆಗೆ ಸರಿಯಿತು. ಮೊದಲು ತಣ್ಣಗಿತ್ತು. ಆಮೇಲೆ ಬೆಚ್ಚಗಾಯಿತು. ಆಮೇಲೆ ಬಿಗಿಯಿತು. ಪಕ್ಕೆಲುಬು ಲಟಕ್ಕೆಂದಿತು. ಉಸಿರಿಲ್ಲ. ಜಿಪ್ಪು ಎಳೆದ. ಬರಲಿಲ್ಲ. ಕತ್ತರಿಗೆ ಕೈ ಚಾಚಿದ. ಆ ಬೆರಳುಗಳು ಅವನವಲ್ಲ. ಉದ್ದ. ಸಪೂರ. ಅಯ್ಯೋ ಎಂದು ಕಿರುಚಿದ. ಗಂಟಲಿಂದ ಬೇರೆ ಯಾರದೋ ಕೆಮ್ಮು ಬಂತು.

ಬಾಗಿಲು ತೆರೆಯಿತು. ಹೆಂಡತಿ! ಕೊರಳಲ್ಲಿದ್ದ ಟೇಪು ತೆಗೆದು ಅವನ ಎದೆ ಅಳೆದಳು, ಸೊಂಟ ಅಳೆದಳು. ಅವಳ ಕಣ್ಣು ತುಂಬಿ ಬಂತು.

"ಬಂದ್ರಾ? ಎಷ್ಟು ಕಾಯಿಸಿದ್ರಿ ನನ್ನ!"

'ನಾನು ಕಣೇ, ನಾನು!' ಎನ್ನಲು ಹೋದ. ಬಾಯಿಂದ ಬಂದದ್ದು ಅವಳ ಯಾವುದೋ ಮುದ್ದಿನ ಹೆಸರು. ಅವನು ಎಂದೂ ಕೇಳಿರದ ಹೆಸರು.

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಅಕ್ಕಾ... ಏನ್ಮಾಡ್ಬಿಟ್ಟೆ? ಆ ಪಾಪದ ಮನುಷ್ಯ..."

ಹೆಂಡತಿ ತಿರುಗಿಯೂ ನೋಡಲಿಲ್ಲ. ಅವನ ಕಿವಿಗೆ ತುಟಿ ತಾಗಿಸಿ ಪಿಸುಗುಟ್ಟಿದಳು: "ಅವನನ್ನ ಯಾಕೆ ಕಟ್ಕೊಂಡೆ ಅಂತ ಬೇಜಾರಾಯ್ತಾ? ನಿಮಗೆ ಒಂದು ಮೈ ಬೇಕಿತ್ತಲ್ರೀ."

ಒಳಗೆ ಮುದುಡಿ ಬಿದ್ದಿದ್ದವನಿಗೆ ಎಲ್ಲವೂ ಕೇಳಿಸಿತು. ಆ ಉದ್ದನೆಯ ಕೈಗಳು ಮಾತ್ರ ಅವಳನ್ನು ಬಳಸಿ ಅಪ್ಪಿಕೊಂಡವು.