ಬಕ್‌ಹಾರ್ನ್ ಹಳ್ಳದ ಮುಚ್ಚದ ಕಿಂಡಿ

ಕೆರೆ ಇರಲಿಲ್ಲ.

ನಿನ್ನೆ ಸಂಜೆಯವರೆಗೆ ಇತ್ತು. ಈಗ ಕಪ್ಪು ಕೆಸರು, ಕೆಸರಿನಲ್ಲಿ ಬಾಲ ಬಡಿಯುವ ಒಂದೆರಡು ಮೀನು, ನಡುವೆ ಬೆತ್ತಲೆ ನಿಂತ ಬೀವರ್‌ಗಳ ಗೂಡು; ಹಲ್ಲಿನಿಂದ ಮರ ಕಡಿದು, ಕೊಂಬೆ-ಮಣ್ಣಿನಿಂದ ಹಳ್ಳಕ್ಕೆ ಕಟ್ಟೆ ಕಟ್ಟಿ ಕೆರೆ ನಿಲ್ಲಿಸುವ ಪ್ರಾಣಿಗಳು ಅವು. ಐಯೋನ್ ಮಾರ್ಬಲ್, ಕೆಸರಿನಲ್ಲಿ ಬೂಟು ಹೂತು ನಿಂತು, ನೋಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಹಳ್ಳದ ಮೇಲ್ಭಾಗದ ಹುಲ್ಲುಗಾವಲು ಅವಳದು.

"ಕತ್ತಲಾಗೋ ಹೊತ್ತಿಗೆ ನೀರಿನ ಸದ್ದು ಕೇಳ್ತು. ಗಾಳಿ ಅಂದ್ಕೊಂಡೆ, ಮುದಿ ಕತ್ತೆ ನಾನು," ಎಂದಳು.

ಡೆಪ್ಯುಟಿ ಲಿಯೋನಾ ಜುಬಿರಿ ಕಟ್ಟೆಯ ಮೇಲೆ ನಡೆದಳು. ನೆವಾಡಾದ ಈ ಮೂಲೆಯಲ್ಲಿ ನಮಗೆಲ್ಲ ಸೇರಿ ಅವಳೊಬ್ಬಳೇ ಪೊಲೀಸು. ಕಟ್ಟೆಯ ನಡುವೆ ಒಂದು ಕಿಂಡಿ. ಆಳು ಮಲಗುವಷ್ಟು ಅಗಲ. ಕೊಂಬೆಗಳ ತುದಿಯನ್ನು ಯಾರೋ ನೀಟಾಗಿ ಕತ್ತರಿಸಿದ್ದರು. ಪ್ರವಾಹದ ಕೆಲಸವಲ್ಲ.

"ಇದನ್ನ ನೋಡು," ಎಂದು ಕೆಳಗಿನಿಂದ ನೆಸ್ಟರ್ ಆರಂಬೀಡೆ ಕೂಗಿದ.

ಹಳ್ಳಕ್ಕೆ ಅಡ್ಡಲಾಗಿ ಕಂಬ ಹೊಡೆದು, ವಿಲ್ಲೋ ಕೊಂಬೆ ಹೆಣೆದು, ಓಡುವ ನೀರನ್ನು ನಡೆಸುವುದು ನೆಸ್ಟರನ ಕಸುಬು. ಮಿಕ್ಕಿದ್ದನ್ನು ಬೀವರ್‌ಗಳು ನೋಡಿಕೊಳ್ಳಬೇಕು. ಐಯೋನಳ ಒಣ ಹಳ್ಳವನ್ನು ಹಸಿರು ಮಾಡಿದವನು ಅವನೇ. ಅವನ ಕೈಯಲ್ಲಿ ಕೆಸರು ಮೆತ್ತಿದ ಸಲಿಕೆ. ಹಿಡಿಯ ಮೇಲೆ ಸುಟ್ಟು ಒತ್ತಿದ ಮುದ್ರೆ: ಎರಡು ಕೊಂಬು, ಒಂದು ಅಡ್ಡಗೆರೆ.

"ಡಬ್ ಕೆಸಿಂಜರ್ ಮುದ್ರೆ," ಎಂದಳು ಐಯೋನ್. "ಆ ನಾಯಿ."

"ಬೀವರ್‌ಗಳು?" ಎಂದು ಲಿಯೋನಾ ಕೇಳಿದಳು.

"ನೀರಿನ ಜೊತೆ ಕೆಳಗೆ ಓಡಿರ್ತವೆ," ಎಂದ ನೆಸ್ಟರ್. "ಈಗಾಗ್ಲೇ ಯಾವುದೋ ತೋಳದ ಹೊಟ್ಟೇಲಿ."

* * *

ಹಳ್ಳದ ಕೆಳಭಾಗದಲ್ಲಿ ಡಬ್ ಹುಲ್ಲು ಬೆಳೆಸುತ್ತಾನೆ. ಭಾನುವಾರ, ಸ್ಪೇನ್ ಕಡೆಯಿಂದ ಕುರಿ ಕಾಯಲು ಬಂದು ನೆಲೆಸಿದ ಬಾಸ್ಕ್ ಜನರ ಊಟದ ಮನೆಯಲ್ಲಿ, ಉದ್ದ ಮೇಜಿನ ಮುಂದೆ, ಕುರಿ ಸಾರಿನ ಬಟ್ಟಲು ಎದುರಿಟ್ಟುಕೊಂಡು ಅವನು ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು: "ಆ ಉಬ್ಬುಹಲ್ಲಿನವು ನನ್ನ ನೀರು ಕುಡೀತಿದಾವೆ. ಕಟ್ಟೇನ ಕಿತ್ತು ಒಲೆಗೆ ಹಾಕ್ತೀನಿ."

ಹಿಂದೆ ಒಂದು ಹೊಡೆದಾಟದ ಕೇಸಿನಲ್ಲಿ ಷರತ್ತಿನ ಮೇಲೆ ಹೊರಗಿದ್ದವನು. ಇನ್ನೊಂದು ತಪ್ಪು ಸಾಬೀತಾದರೆ ನೇರ ಜೈಲು. ಶುಕ್ರವಾರ ನ್ಯಾಯಾಧೀಶರು ಬರುವವರಿದ್ದರು.

ಅವನು ಲಾಕಪ್ಪಿನ ಬೆಂಚಿನ ಮೇಲೆ ಟೋಪಿ ಮಂಡಿಗೆ ಹಾಕಿಕೊಂಡು ಕೂತಿದ್ದ.

"ಸಲಿಕೆ ನಂದೇ," ಎಂದ.

"ಸುಲಭ ಆಯ್ತಲ್ಲ," ಎಂದಳು ಲಿಯೋನಾ.

"ಪೂರ್ತಿ ಕೇಳಮ್ಮ ತಾಯಿ. ಆಗಸ್ಟಲ್ಲಿ ಹೋಗಿದ್ದೆ. ಒಂದು ತೂತು ಕೊರೆದೆ. ಬೆಳಗ್ಗೆ ನೋಡಿದ್ರೆ ಮುಚ್ಚಿತ್ತು. ಇನ್ನೊಂದಿನ ಇನ್ನೂ ದೊಡ್ಡದು ಕೊರೆದೆ. ಬೆಳಗ್ಗೆ ಅದೂ ಮುಚ್ಚಿತ್ತು. ಮೂರನೇ ಸಲ ಬೆನ್ನು ಹಿಡ್ಕೊಂತು, ಸಲಿಕೆ ಅಲ್ಲೇ ಬಿಟ್ಟು ಬಂದೆ. ಮಾರನೇ ದಿನ ತರೋಕೆ ಹೋದ್ರೆ ಅದನ್ನೂ ಕಟ್ಟೆಗೆ ಸೇರಿಸಿ ಮಣ್ಣು ಮೆತ್ತಿದ್ವು! ನನ್ನ ಸಲಿಕೆ! ಕೈ ಮುಗಿದು ಬಂದೆ."

"ಭಾನುವಾರ ಮತ್ತೆ ಬೊಬ್ಬೆ ಹೊಡೆದ್ಯಲ್ಲ?"

"ಸೋತವನು ಇನ್ನೇನು ಮಾಡ್ತಾನೆ?" ಅವನು ನೆಲ ನೋಡಿದ. "ನನ್ನ ಹೆಂಡ್ತಿ ವರ್ನಾ ಈಗ ಏಳು ತಿಂಗಳ ಬಸುರಿ. ನಾನು ಒಳಗೆ ಹೋದ್ರೆ ಮಗು ನನ್ನನ್ನ ಜೈಲಿನ ಗಾಜಿನ ಆಚೆಯಿಂದ ನೋಡುತ್ತೆ."

"ಎಲ್ಲರೂ ಹೇಳೋ ಕತೆ ಇದು, ಡಬ್."

"ಸಲಿಕೆ ಕಟ್ಟೆಗೆ ಸೇರಿದ ಕತೆ ಎಷ್ಟು ಜನ ಹೇಳಿದಾರೆ?"

ಲಿಯೋನಾ ಎದ್ದಳು. ಹೊರಗೆ ಬಂದು ಸಲಿಕೆಯನ್ನು ಬೆಳಕಿಗೆ ಹಿಡಿದಳು. ಕೆಸರು ಒರೆಸಿದಳು. ಹಿಡಿಯ ಮೇಲೆ, ಮುದ್ರೆಯ ಗೆರೆಗಳೊಳಗೆ, ಹಸಿರು ಪಾಚಿ ಬೆಳೆದಿತ್ತು. ಒಂದು ರಾತ್ರಿಯಲ್ಲಿ ಬೆಳೆಯುವ ಪಾಚಿಯಲ್ಲ.

* * *

ಮಾರನೇ ಬೆಳಗ್ಗೆ ಅವಳು ಕಟ್ಟೆಗೆ ಹೋದಳು. ಕಿಂಡಿ ಇದ್ದಂತೆಯೇ ಇತ್ತು. ಅದರ ಮಾರನೇ ಬೆಳಗ್ಗೆಯೂ ಹೋದಳು. ಒಂದು ಹಿಡಿ ಮಣ್ಣಿಲ್ಲ. ಒಂದು ಹೊಸ ಕಡ್ಡಿ ಇಲ್ಲ. ನೀರು ಗಲಗಲ ಸದ್ದು ಮಾಡಿಕೊಂಡು ಹರಿಯುತ್ತಿತ್ತು.

ಐಯೋನ್ ಕಾಫಿ ಹಿಡಿದು ಬಂದಳು.

"ಈ ಸದ್ದು ಕೇಳಿದ್ರೆ ಬೀವರ್ ಸುಮ್ನಿರಲ್ಲ ಅಲ್ವಾ?" ಎಂದು ಲಿಯೋನಾ ಕೇಳಿದಳು.

"ಸುಮ್ನೆ? ತೋಟದ ಪೈಪು ಹರೀತಾ ಬಿಟ್ರೆ ಅದರ ಬಾಯಿಗೂ ಮಣ್ಣು ತುರುಕ್ತವೆ."

ಲಿಯೋನಾ ಕೆಸರಿನಲ್ಲಿ ಗೂಡಿನವರೆಗೆ ನಡೆದಳು. ಕಡ್ಡಿಗಳ ಗುಡ್ಡದ ನೆತ್ತಿ ತೆರೆದಿತ್ತು. ಒಡೆದಿರಲಿಲ್ಲ, ಯಾರೋ ಒಂದೊಂದೇ ಕಡ್ಡಿ ಎತ್ತಿ ಪಕ್ಕಕ್ಕೆ ಜೋಡಿಸಿದ್ದರು. ಅವಳು ಒಳಗೆ ಟಾರ್ಚ್ ಬಿಟ್ಟಳು. ನೆಲ ಗುಡಿಸಿದಂತಿತ್ತು. ಬೀವರ್‌ಗಳು ಮಲಗಲು ಸೀಳಿ ಹಾಸುವ ಮರದ ಸಿಪ್ಪೆ ಒಂದು ಎಳೆಯೂ ಉಳಿದಿರಲಿಲ್ಲ.

"ಹಾಸಿಗೆ ಯಾರಿಗೆ ಬೇಕು?" ಎಂದು ದಡದ ಕಡೆ ಕೂಗಿದಳು.

"ಅವನ್ನ ಹಿಡಿದು ಹೊಸ ಜಾಗಕ್ಕೆ ಬಿಡೋರಿಗೆ. ಹಳೇ ಹಾಸಿಗೆ ವಾಸನೆ ಇಲ್ದಿದ್ರೆ ಅವು ನಿಲ್ಲಲ್ಲ, ಅಲೀತಾ ಹೋಗಿ ಸಾಯ್ತವೆ. ನನ್ನವನ್ನ ತಂದಾಗ್ಲೂ ನೆಸ್ಟರ್ ಒಂದು ಗೋಣಿಚೀಲ ಹಾಸಿಗೆ ತಂದಿದ್ದ." ಹೇಳುತ್ತ ಹೇಳುತ್ತ ಐಯೋನಳ ದನಿ ನಿಧಾನವಾಯಿತು.

"ಕಡೇ ಸಲ ಬೀವರ್ ನೋಡಿದ್ದು ಯಾವಾಗ?"

"ಕಳೆದ ವಾರ. ಆಮೇಲೆ ಒಂದೊಂದೇ ಕಾಣೆಯಾದ ಹಾಗೆ... ಕಂಬ ಹೊಡೆಯೋ ಸದ್ದಿಗೆ ಅಡಗಿರ್ತವೆ ಅಂದ ನೆಸ್ಟರ್. ಆ ವಾರ ಅವನೊಬ್ಬನೇ ಕೆಲಸಕ್ಕೆ ಬರ್ತಿದ್ದ."

* * *

ಗುಡ್ಡದ ಆಚೆ ಓಟ್ಸೊ ಹಳ್ಳ. ನೆಸ್ಟರನ ಅಪ್ಪ ಕುರಿ ಮೇಯಿಸಿದ ಜಾಗ. ವರ್ಷಾ ವರ್ಷಾ ನೆಸ್ಟರ್ ಅಲ್ಲಿ ಕಂಬ ಹೊಡೆಯುತ್ತಿದ್ದ, ವರ್ಷಾ ವರ್ಷಾ ಹಿಮ ಕರಗಿದ ನೀರು ಅವನ್ನು ಕಿತ್ತೊಯ್ಯುತ್ತಿತ್ತು. ಬೀವರ್ ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದ. ಅವನಿಗಿಂತ ದೊಡ್ಡ ಜಮೀನಿನವರಿಗೆ ಸಿಕ್ಕಿತು. ನಾವು ಅವನನ್ನು "ಬೀವರ್ ಇಲ್ಲದ ಬೀವರ್" ಎಂದು ಚುಡಾಯಿಸುತ್ತಿದ್ದೆವು.

ಲಿಯೋನಾ ಹೋದಾಗ ಅವನು ದಡದಲ್ಲಿ ಕೂತು ಬ್ರೆಡ್ಡಿಗೆ ಸಾಸೇಜ್ ಕೊಯ್ಯುತ್ತಿದ್ದ. ಅವನ ಹಿಂದೆ ಕಂಬಗಳ ಸಾಲು. ಕಂಬಗಳ ನಡುವೆ ಹಸಿ ಮಣ್ಣು ಮೆತ್ತಿತ್ತು. ತೊಗಟೆ ತಿಂದು ಬಿಟ್ಟ ಬಿಳಿ ಕಡ್ಡಿಗಳು ಹೊಳೆಯುತ್ತಿದ್ದವು. ನೀರು ವಿಲ್ಲೋಗಳ ಬುಡಕ್ಕೆ ಏರಿತ್ತು.

"ನಿನ್ನ ಹಳ್ಳಕ್ಕೆ ನೆಂಟರು ಬಂದಿದಾರೆ."

"ತಾವಾಗೇ ಬಂದ್ವು."

"ಗುಡ್ಡ ಹತ್ತಿ? ಹಾಸಿಗೆ ಹೊತ್ಕೊಂಡು?"

ಚಾಕು ನಿಂತಿತು.

"ಕೇಳು ನೆಸ್ಟರ್," ಎಂದು ಅವಳು ಪಕ್ಕದಲ್ಲೇ ಕೂತಳು. "ಕಿಂಡಿ ಕೊರೆದ ರಾತ್ರಿ ಅಲ್ಲಿ ಬೀವರ್ ಇದ್ದಿದ್ರೆ ಬೆಳಗ್ಗೆ ಮುಚ್ಚಿರೋದು. ಡಬ್ ಮೂರು ಸಲ ಕೊರೆದ, ಮೂರು ಸಲಾನೂ ಸೋತ. ಅವನ ಸಲಿಕೆ ಆಗಸ್ಟಿಂದ ಕಟ್ಟೆ ಒಳಗೇ ಇತ್ತು, ಪಾಚಿ ಹಿಡಿದಿದೆ. ಕಟ್ಟೆ ಒಡೆದಾಗ ಅದು ಹೊರಗೆ ಬಿತ್ತು, ನಿನಗೆ ಸಿಕ್ತು. ಅಂದ್ರೆ ಈ ಸಲ ಕೊರೆದವನು ಮುಚ್ಚೋರನ್ನ ಮೊದಲೇ ಸಾಗಿಸಿದ್ದ. ಕೊಲ್ಲೋನು ಹಾಸಿಗೆ ಸುತ್ಕೊಂಡು ಹೋಗಲ್ಲ. ಜೀವಂತ ಬೇಕಾದವನು ಮಾತ್ರ ಒಯ್ತಾನೆ. ಬೋನು ಇಡೋದು ಗೊತ್ತಿರೋನು, ಅಲ್ಲಿ ಓಡಾಡಿದ್ರೆ ಯಾರೂ ಕೇಳದೋನು. ಐಯೋನ್‌ಗೆ ಅನುಮಾನ ಬರೋ ಹೊತ್ತಿಗೆ ಕಟ್ಟೆ ಒಡೆದೆ, ಓಡಿಹೋದ್ವು ಅಂತ ಹೇಳೋಕೆ."

ಅವನು ಬ್ರೆಡ್ಡು ಪಕ್ಕಕ್ಕಿಟ್ಟ.

"ಅಪ್ಪ ಸಾಯೋವಾಗ ಈ ಹಳ್ಳದಲ್ಲಿ ಕಾಲು ಒದ್ದೆ ಆಗೋಷ್ಟು ನೀರಿರ್ಲಿಲ್ಲ," ಎಂದ. "ನೋಡು ಈಗ."

"ನೋಡ್ತಿದೀನಿ. ಶುಕ್ರವಾರ ನ್ಯಾಯಾಧೀಶರ ಮುಂದೆ ಬಾಯಿ ಬಿಡ್ತಿದ್ಯಾ?"

"ಡಬ್ ಹೇಗೂ ಒಂದಿನ ಒಳಗೆ ಹೋಗೋನೇ."

"ನಾನು ಕೇಳಿದ್ದು ಅದಲ್ಲ."

ಅವನು ಚಾಕು ಮಡಚಿ ಅವಳ ಕೈಗೆ ಕೊಟ್ಟ. "ಈಗ ಇವನ್ನ ಎತ್ತಬೇಡಿ. ಚಳಿಗಾಲಕ್ಕೆ ಮೇವು ಕೂಡಿಡೋಕೆ ಸಮಯ ಸಾಲಲ್ಲ. ಸಾಯ್ತವೆ."

"ಅದನ್ನ ಐಯೋನ್ ಹೇಳ್ಬೇಕು."

* * *

ಐಯೋನ್ ಹೇಳಿದಳು, ನ್ಯಾಯಾಧೀಶರ ಎದುರಿಗೇ: "ಬೇಸಿಗೆವರೆಗೆ ಅಲ್ಲೇ ಇರ್ಲಿ. ಆಮೇಲೆ ನನ್ನವು ನನಗೆ ಬೇಕು. ಆ ಮನುಷ್ಯ ಮಾತ್ರ ನನ್ನ ಬೇಲಿ ದಾಟಬಾರದು."

ನೆಸ್ಟರನನ್ನು ಪಕ್ಕದ ಬಾಗಿಲಿನಿಂದ ಕರೆದೊಯ್ದರು. ಡಬ್ ಮುಂಬಾಗಿಲಿನಿಂದ ಹೊರಗೆ ಬಂದ. ಲಿಯೋನಾ ಗಾಡಿಯ ಬಾಗಿಲು ತೆರೆದು ನಿಂತಿದ್ದಳು.

"ಹತ್ತು, ಮನೆಗೆ ಬಿಡ್ತೀನಿ."

ಡಬ್ ಟೋಪಿ ಹಾಕಿಕೊಂಡ. "ಒಂದು ಹೇಳು. ನಾನೇ ಮಾಡಿದ್ದು ಅಂತ ನೀನೂ ನಂಬಿದ್ಯಾ?"

"ಒಂದು ದಿನ."

"ಊರಿಗಿಂತ ವಾಸಿ," ಎಂದ ಅವನು. "ನಡ್ಕೊಂಡೇ ಹೋಗ್ತೀನಿ."

ಮಣ್ಣಿನ ದಾರಿ. ಮಳೆ ಕಂಡು ಬಹಳ ದಿನವಾಗಿತ್ತು. ಲಿಯೋನಾ ಗಾಡಿಯಲ್ಲಿ ಕೂತಳು, ಬೀಗದ ಕೈ ತಿರುಗಿಸಲಿಲ್ಲ. ಅವಳ ಚಕ್ರದ ಧೂಳು ಅವನ ಮೇಲೆ ಬೀಳಬಾರದೆಂದು, ಅವನು ತಿರುವು ದಾಟಿ ಕಣ್ಮರೆಯಾಗುವವರೆಗೆ ಕಾದಳು.