ಆನೆ ತಿಂದ ಹಿಡಿ ಅಕ್ಕಿ

“ಆಶಾ, ಬೇಗ ಬಾರೇ! ಆನೆ ಚರ್ಚ್ ಗೋಡೆ ಕೆಡವಿಬುಟ್ಟೈತೆ!”

ಪಕ್ಕದ ಮನೆಯ ಅಭಿಷೇಕ್ ಒಂದೇ ಉಸಿರಿಗೆ ಕೂಗಿ ಗುಡ್ಡದ ಕಡೆಗೆ ಓಡಿದ. ಆಶಾ ಬಾಯಲ್ಲಿದ್ದ ಬ್ರಷ್ ಕಚ್ಚಿಕೊಂಡು ಹಾಗೇ ನಿಂತಳು. ಆನೆ ಯಾಕೆ ಬಂತು ಅಂತ ಇಡೀ ವನಗೂರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಚರ್ಚ್ ಅಂದರೆ ದೊಡ್ಡದೇನಲ್ಲ. ಹೆಂಚಿನ ಮಾಡು, ಎಂಟು ಬೆಂಚು, ಹದಿನೇಳು ಮನೆಯ ಸಭೆ. ಪಾದ್ರಿ ಅಯ್ಯನವರು ಐದು ಊರಿನ ಸಭೆ ನೋಡಿಕೊಳ್ಳಬೇಕು. ಹಾಗಾಗಿ ಅವರ ಜೀಪು ಈ ಗುಡ್ಡ ಹತ್ತುವುದು ತಿಂಗಳಿಗೆ ಒಂದೇ ಭಾನುವಾರ. ಉಳಿದ ದಿನ ಎಲ್ಲ ಕೆಲಸವೂ ಸಭೆಯವರದ್ದೇ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕರುಣಾಕರ ಮಾಮ ಬೈಬಲ್ ಓದುತ್ತಾರೆ. ಗಾರೆ ಕೆಲಸದ ಅರುಳಪ್ಪಣ್ಣ ಹಾಡು ಎತ್ತಿಕೊಡುತ್ತಾನೆ. ಕಾಯಿಲೆಯವರ ಪಕ್ಕ ಕೂತು ಪ್ರಾರ್ಥನೆ ಮಾಡುವುದು ಸುವಾರ್ತಜ್ಜಿ.

ಹತ್ತು ವರ್ಷ ತುಂಬಿದ ಮೇಲೆ ಆಶಾಳಿಗೂ ಒಂದು ಕೆಲಸ ಸಿಕ್ಕಿತ್ತು. ಪ್ರತಿ ಮನೆಯವರೂ ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಭಾನುವಾರ ಚರ್ಚಿಗೆ ತರುತ್ತಾರೆ. ಅದನ್ನು ಕಷ್ಟದಲ್ಲಿರುವ ಮನೆಗೆ ಮುಟ್ಟಿಸುವುದು ಅವಳ ಕೆಲಸ. ಈ ತಿಂಗಳು ಗಂಗಾಮಣಿಯ ಮನೆಗೆ. ಗಂಗಾಮಣಿ ಸಭೆಯವಳಲ್ಲ, ಎಸ್ಟೇಟಿನ ಕೂಲಿ ಲೈನಿನ ಮನೆಯವಳು. ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು.

ಇದಕ್ಕೆ ಒಂದೇ ರೂಲ್ ಇತ್ತು. ಖಾಲಿ ಚರ್ಚಿನಲ್ಲಿ ಅಕ್ಕಿ ರಾತ್ರಿ ಉಳಿಯಬಾರದು, ವಾಸನೆಗೆ ಆನೆ ಬರುತ್ತದೆ. ಆದರೆ ನಿನ್ನೆ ಭಾನುವಾರವೇ ಗೆಳತಿ ಮೇಘಾಳ ಬರ್ತ್‌ಡೇ. ಎಲ್ಲಿ ಕೇಕ್ ಕಟ್ ಮಾಡಿಬಿಡುತ್ತಾರೋ ಅಂತ ಆಶಾ ಅಕ್ಕಿಯ ಬಕೆಟ್ಟನ್ನು ಬೆಂಚಿನ ಕೆಳಗೆ ತಳ್ಳಿ ಓಡಿದ್ದಳು. ನಾಳೆ ಕೊಟ್ಟರಾಯಿತು ಅಂದುಕೊಂಡಿದ್ದಳು.

ಈಗ ಚರ್ಚಿನ ಕಿಟಕಿ ಇದ್ದ ಜಾಗದಲ್ಲಿ ಜೀಪು ನುಗ್ಗುವಷ್ಟು ತೂತು. ಬಕೆಟ್ ಅಪ್ಪಚ್ಚಿ. ಆದರೆ ಒಂದು ಬೆಂಚೂ ಮುರಿದಿರಲಿಲ್ಲ! ಅಂಗಳದಲ್ಲಿ ಮೊರದಷ್ಟು ಅಗಲದ ಹೆಜ್ಜೆ ಮೂಡಿತ್ತು. ಆಶಾ ಅದರೊಳಗೆ ಎರಡೂ ಪಾದ ಇಟ್ಟಳು. ಇನ್ನೂ ಇಬ್ಬರು ನಿಲ್ಲುವಷ್ಟು ಜಾಗವಿತ್ತು. ಅಷ್ಟು ದೊಡ್ಡ ಜೀವ ಇಲ್ಲೇ ನಿಂತು, ಸೊಂಡಿಲು ಚಾಚಿ, ಬೆಂಚಿನ ಕೆಳಗಿನ ಅಕ್ಕಿಯನ್ನು ಮೆಲ್ಲಗೆ ಎಳೆದುಕೊಂಡಿತ್ತು. ಭಯವೋ ಬೆರಗೋ ತಿಳಿಯದೆ ಅವಳ ಮೈ ಜುಮ್ಮೆಂದಿತು.

“ಬಕೆಟ್ ಇಲ್ಲಿ ಯಾಕಿತ್ತು?” ಸುವಾರ್ತಜ್ಜಿ ಕೇಳಿದಳು.

ಗಂಗಕ್ಕ ಮನೆಯಲ್ಲಿರಲಿಲ್ಲ ಅಂತ ಹೇಳಿಬಿಡೋಣವೇ? ಕಾಲು ಮುರಿದವಳು ಎಲ್ಲಿಗೆ ಹೋಗುತ್ತಾಳೆ! ಆಶಾಳಿಗೆ ಸುಳ್ಳೂ ಸರಿಯಾಗಿ ಬರಲಿಲ್ಲ.

“ನಾನೇ ಅಜ್ಜಿ... ಬರ್ತ್‌ಡೇಗೆ ಹೋಗ್ಬುಟ್ಟೆ,” ಎಂದವಳೇ ಗೊಳೋ ಎಂದು ಅತ್ತಳು.

“ಆನೆ ಹಂಗೇ ಲೈನಿಗೆ ನುಗ್ಗಿದ್ರೆ ಏನೇ ಗತಿ?” ಅಜ್ಜಿ ಗದರಿದಳು. ಆಮೇಲೆ ಸೆರಗಿನಿಂದ ಅವಳ ಮೂಗು ಒರೆಸಿದಳು. “ಅತ್ತಿದ್ದು ಸಾಕು. ಗಂಗಾಮಣಿ ರಾತ್ರಿಗೆ ಒಲೆ ಮೇಲೆ ಏನಿಡ್ತಾಳೆ? ಸ್ಕೂಲ್ ಬಿಟ್ಮೇಲೆ ಬೇರೆ ಬಕೆಟ್ ತಗೊಂಡು ಮನೆಮನೆಗೆ ಹೋಗು. ಯಾಕೆ ಅಂತ ನೀನೇ ಹೇಳ್ಬೇಕು.”

“ಈ ಕೆಲ್ಸ ಬೇರೆಯವ್ರಿಗೆ ಕೊಡಲ್ವಾ?”

“ಬೇರೆಯವ್ರಿಗೆ ಅವ್ರವ್ರ ಕೆಲ್ಸ ಇಲ್ವೇನೇ?”

ಸಂಜೆ ಮೊದಲ ಮನೆಯಲ್ಲಿ ಆಶಾ ಬಕೆಟ್ಟಿನ ಹಿಂದೆ ಮುಖ ಮರೆಸಿಕೊಂಡೇ ನಡೆದದ್ದನ್ನು ಹೇಳಿದಳು. ಮೂರನೆಯ ಮನೆಯಲ್ಲಿ, “ಬುಡು, ಆನೆಗೂ ನಮ್ಮ ಅಕ್ಕಿ ರುಚಿ ಹತ್ತೈತೆ,” ಅಂತ ನಕ್ಕರು. ಒಂದು ಮನೆಯಲ್ಲಿ ಎರಡು ಹಿಡಿ, ಇನ್ನೊಂದರಲ್ಲಿ ಒಂದು ಪಾವು. ಆರೋಗ್ಯಮ್ಮ ತನ್ನ ಪಾಪುವಿನ ಪುಟ್ಟ ಕೈಯನ್ನೂ ಅಕ್ಕಿಯೊಳಗೆ ಇಳಿಸಿದಳು. ಆ ಮುಷ್ಟಿಯಿಂದ ಬಕೆಟ್ಟಿಗೆ ಬಿದ್ದದ್ದು ನಾಲ್ಕೇ ಕಾಳು. ಯಾರೂ ಇಲ್ಲವೆನ್ನಲಿಲ್ಲ. ಬಕೆಟ್ ತುಂಬುತ್ತಾ ಬಂತು.

ಗಂಗಾಮಣಿ ಬ್ಯಾಂಡೇಜಿನ ಕಾಲು ಚಾಚಿ ಬಾಗಿಲಲ್ಲಿ ಕೂತಿದ್ದಳು. ಆಶಾ ಅಕ್ಕಿಯನ್ನು ಅವಳ ಡಬ್ಬಕ್ಕೆ ಸುರಿದು, ತಲೆ ತಗ್ಗಿಸಿ, ಹದಿನೆಂಟನೇ ಸಲ ಅದೇ ಕತೆ ಹೇಳಿದಳು.

“ಗೋಡೆ ಯಾರು ಕಟ್ತಾವ್ರೆ?” ಗಂಗಾಮಣಿ ಕೇಳಿದಳು.

“ಅರುಳಪ್ಪಣ್ಣ. ಕೆಲ್ಸ ಮುಗಿಸ್ಕೊಂಡು ಬಂದೋರೆಲ್ಲಾ ಇಟ್ಟಿಗೆ ಹೊರ್ತಾವ್ರೆ.”

“ಅವ್ರಿಗೆ ಗಂಜಿ ಬೇಡ್ವಾ?” ಗಂಗಾಮಣಿ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಅಕ್ಕಿ ತೆಗೆದು ಬಕೆಟ್ಟಿಗೆ ಹಾಕಿದಳು.

“ಗಂಗಕ್ಕಾ! ಅದು ನಿಮಗೇ ಕೊಟ್ಟಿರೋ ಅಕ್ಕಿ!”

“ಕೊಟ್ಮೇಲೆ ನಂದಲ್ವೇನೇ? ನನ್ ಅಕ್ಕಿ, ನಾನು ಕೊಡ್ತೀನಿ. ಕಾಲು ನೆಟ್ಟಗಿದ್ದಿದ್ರೆ ಇಟ್ಟಿಗೇನೂ ಹೊರ್ತಿದ್ದೆ.”

ಆಶಾ ಬಕೆಟ್ಟಿನ ತಳವನ್ನೇ ನೋಡುತ್ತಾ ನಿಂತಳು. ಬೆಳಿಗ್ಗೆ ಆನೆಯ ಹೆಜ್ಜೆಯೊಳಗೆ ನಿಂತಾಗ ಆದ ಹಾಗೆಯೇ ಮೈ ಜುಮ್ಮೆಂದಿತು. ಈ ಸಲ ಭಯವಿರಲಿಲ್ಲ.

ಅವಳು ಬಕೆಟ್ಟನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಗುಡ್ಡ ಹತ್ತಿದಳು. ಮೈಯೆಲ್ಲ ಸಿಮೆಂಟ್ ಮೆತ್ತಿಕೊಂಡ ಅಭಿಷೇಕ್ ಎದುರಿಗೆ ಸಿಕ್ಕಿದ.

“ಖಾಲಿ ಬಕೆಟ್ ಯಾಕೆ ಹಂಗೆ ತಬ್ಕೊಂಡಿದೀಯ ಮಾರಾಯ್ತಿ?”

“ಖಾಲಿ ಇಲ್ಲ ಕಣೋ,” ಅಂದಳು ಆಶಾ. ಎಡವಿದರೆ ಚೆಲ್ಲೀತೆಂದು ದಾರಿಯನ್ನೇ ನೋಡುತ್ತಾ ಮುಂದೆ ನಡೆದಳು.