ಶ್ರುತಿಗೆ ಒಂದು ಗಂಟೆ

"ಒಂದು ಗಂಟೆ ಸದ್ದು ಮಾಡದೆ ಇರ್ತೀರಾ?" ಅಂತ ಆತ ಕೇಳಿದಾಗ ಅವಳಿಗೆ ನಗು ಬರಬೇಕಿತ್ತು, ಸಿಟ್ಟು ಬಂತು.

ಪೇಟೆ ನಡುವಿನ ಆ ಒಳಾಂಗಣ ಕ್ರೀಡಾಂಗಣದಲ್ಲಿ ಹಿಂದಿನ ದಿನ ಬಾಸ್ಕೆಟ್‌ಬಾಲ್ ಪಂದ್ಯ ಮುಗಿದಿತ್ತು. ಇವತ್ತು ಸಂಜೆ ಸಂಗೀತ ಕಾರ್ಯಕ್ರಮ. ಅಷ್ಟರೊಳಗೆ ಅಂಕಣದ ಇನ್ನೂರು ಮರದ ಹಲಗೆ ಬಿಚ್ಚಿ, ಒಳಗೆ ಪೇರಿಸಿ, ಕುರ್ಚಿ ಹಾಕಿಸಬೇಕು. ಆ ಉಸ್ತುವಾರಿ ಅವಳದು. ಹನ್ನೆರಡು ಜನ ಕೆಲಸಗಾರರಿಗೆ ಅವಳು 'ಫ್ಲೋರ್ ಅಕ್ಕ'. ವಯಸ್ಸು ಮೂವತ್ತನಾಲ್ಕು, ಮಾತು ಒಂದೇಟಿಗೆ ಎರಡು ತುಂಡು.

ಕೇಳಿದವನು ವೇದಿಕೆಯ ಪಿಯಾನೋ ಶ್ರುತಿ ಮಾಡಲು ಬಂದಿದ್ದ. ಬಡಕಲು ಮೈ, ತೋಳು ಮಡಚಿದ ನೀಲಿ ಶರ್ಟು.

"ಸಾರ್, ಹಲಗೆಗಳಿಗೆ ಪಿಸುಗುಟ್ಟೋಕೆ ಬರಲ್ಲ."

"ತಂತಿಗಳಿಗೆ ಕೂಗೋಕೆ ಬರಲ್ಲ ಮೇಡಂ."

ಹಿಂದೆ ಯಾರೋ ಕಿಸಕ್ಕೆಂದರು. ಅವಳು ತಿರುಗಿ ನೋಡಿದ್ದಕ್ಕೆ ನಗು ಅಲ್ಲೇ ಸತ್ತಿತು. ಗಡಿಯಾರ ನೋಡಿದಳು. ಕೊನೆಗೆ ಊಟದ ಬಿಡುವನ್ನೇ ಒಂದು ಗಂಟೆ ಮುಂಚೆ ಕೊಟ್ಟು ಎಲ್ಲರನ್ನೂ ಕಳಿಸಿದಳು. ತಾನು ಮಾತ್ರ ಗ್ಯಾಲರಿಯ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಳು, ಇವನು ಒಂದು ಗಂಟೆಗೆ ಎರಡು ಗಂಟೆ ಮಾಡಿಬಿಟ್ಟಾನು ಅಂತ.

ಆತ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ತಂತಿ ಬಿಗಿಯುವ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ತಲೆ ವಾರೆ ಮಾಡಿ, ಮಲಗಿದ ಮಗುವಿನ ಉಸಿರು ಕೇಳುವವನ ಹಾಗೆ ಕೇಳುತ್ತಿದ್ದ. ನಡುಗುತ್ತಿದ್ದ ಸ್ವರ ಥಟ್ಟನೆ ನೆಟ್ಟಗಾಯಿತು. ಗ್ಯಾಲರಿಯ ಖಾಲಿ ಕುರ್ಚಿಗಳ ಮೇಲೆ ಅದು ಹರಡಿಕೊಂಡಾಗ ಅವಳ ತೋಳಿನ ಮೇಲಿನ ರೋಮ ಎದ್ದು ನಿಂತಿತು. ಹತ್ತು ವರ್ಷದಿಂದ ದುಡಿಯುತ್ತಿದ್ದ ಜಾಗ. ಅದು ಇಷ್ಟು ಸುಮ್ಮನಿದ್ದದ್ದನ್ನು ಅವಳು ಕಂಡೇ ಇರಲಿಲ್ಲ.

"ಈಗ ಸರಿಯಾಯ್ತಾ?" ಆತ ಕೇಳಿದ.

"ನನ್ನ ಕೇಳ್ತೀರಲ್ಲ, ನನಗೇನು ಗೊತ್ತು?"

"ನಿಮ್ಮ ಮುಖಕ್ಕೆ ಗೊತ್ತಾಯ್ತು."

ಅವಳು ಎದ್ದು ಹೋಗಿ, ಸರಿಯಾಗೇ ಇದ್ದ ಹಲಗೆಗಳ ರಾಶಿಯನ್ನು ಮತ್ತೊಮ್ಮೆ ಎಣಿಸಿದಳು.

ಆಮೇಲೆ ತಿಂಗಳಿಗೆ ಒಂದೆರಡು ಸಲವಾದರೂ ಆತ ಬಂದ. ಪ್ರತಿ ಸಲವೂ ಒಂದು ಗಂಟೆ. ಕೆಲಸಗಾರರು ಕೇಳದೆಯೇ ಡಬ್ಬಿ ಎತ್ತಿಕೊಂಡು ಹೊರಡುವುದನ್ನು ಕಲಿತರು. ಆ ಒಂದು ಗಂಟೆಯಲ್ಲಿ ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. ನಿಶ್ಚಯವಾಗಿದ್ದ ಮದುವೆ ಮುರಿದದ್ದು, "ಹಲಗೆ ಹೊರಿಸೋ ಕೆಲಸ ಬಿಡು" ಅಂದವನಿಗೆ "ನಿನ್ನನ್ನೇ ಬಿಡ್ತೀನಿ" ಅಂದದ್ದು. ಆತ ನಗಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ. "ಅವರಿಗೆ ಕಿವಿ ಸರಿ ಇರಲಿಲ್ಲ" ಅಂದ, ಅಷ್ಟೇ.

ಎಂಟನೇ ತಿಂಗಳಲ್ಲಿ ಮ್ಯಾನೇಜರ್ ಖುಷಿಯಿಂದ ಸುದ್ದಿ ತಂದರು. ಮುಂದಿನ ತಿಂಗಳಿಂದ ಎಲೆಕ್ಟ್ರಾನಿಕ್ ಪಿಯಾನೋ. ಶ್ರುತಿಯ ತಾಪತ್ರಯವೇ ಇಲ್ಲ. "ಇನ್ಮೇಲೆ ನಿಮಗೂ ಒಂದು ಗಂಟೆ ಉಳೀತು" ಅಂದರು. ಅವಳು ಅರ್ಧ ಕುಡಿದ ಕಾಫಿಯನ್ನು ಅಲ್ಲೇ ಇಟ್ಟು ಎದ್ದಳು.

ಸುದ್ದಿ ಆತನಿಗೂ ಮುಟ್ಟಿತ್ತು. ಕೊನೆಯ ಸಲ ಆತ ಬಂದಾಗ ಅವಳು ಏನೂ ಗೊತ್ತಿಲ್ಲದವಳಂತೆ ಕೂತಳು. ಆತ ಕೆಲಸ ಮುಗಿಸಿ ಪಿಯಾನೋ ಮುಚ್ಚಿದ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

"ಇಷ್ಟು ಬೇಗನಾ?"

"ಇದು ಗಟ್ಟಿ ಪಿಯಾನೋ. ಅಷ್ಟು ಸುಲಭಕ್ಕೆ ಶ್ರುತಿ ತಪ್ಪಲ್ಲ."

"ಮತ್ತೆ ಇಷ್ಟು ದಿನ?"

ಆತ ಉಪಕರಣಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಕಿವಿ ಕೆಂಪಗಾಗಿತ್ತು. "ಮೊದಲನೇ ಸಲ ನಿಜವಾಗಿ ಒಂದು ಗಂಟೆ ಬೇಕಿತ್ತು. ಆಮೇಲೆ ಇಪ್ಪತ್ತು ನಿಮಿಷ ಪಿಯಾನೋಗೆ. ಉಳಿದದ್ದು ನನಗೆ."

ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಇವನ ಕಿವಿಗೆ ಅದೂ ಬಿದ್ದಿರುತ್ತದೆ ಅನ್ನಿಸಿತು.

"ನನ್ನ ಹನ್ನೆರಡು ಜನರನ್ನ ಎಂಟು ತಿಂಗಳು ಹಸಿವಾಗೋ ಮುಂಚೆ ಊಟಕ್ಕೆ ಕಳಿಸಿದೀನಿ, ನಿಮ್ಮ ಸುಳ್ಳಿಗೆ."

"ತಪ್ಪಾಯ್ತು."

"ತಪ್ಪು ಅದಲ್ಲ. ಇವತ್ತು ಏನೂ ಹೇಳದೆ ಹೋಗಿಬಿಡ್ತಿದ್ರಿ, ಅದು."

"ಹೇಳೋಕೇ ಬಂದೆ. ನಾಲಿಗೆ ಏಳಲಿಲ್ಲ." ಆತ ಮೊದಲ ಸಲ ನೇರ ಅವಳ ಕಣ್ಣಲ್ಲಿ ಕಣ್ಣಿಟ್ಟ. "ನೀವು ಈ ಕೆಲಸ ಬಿಡೋದು ಬೇಡ. ನನ್ನನ್ನೂ ಬಿಡೋದು ಬೇಡ."

ಅವಳು ಫೋನ್ ತೆಗೆದು ಅಮ್ಮನಿಗೆ ಹಚ್ಚಿದಳು. ಮದುವೆ ಮುರಿದ ಮೇಲೆ ಮಗಳನ್ನು ಒಂದು ಮಾತೂ ಕೇಳದೆ ಆರು ವರ್ಷ ತಡೆದುಕೊಂಡಿದ್ದ ಅಮ್ಮ.

"ಅಮ್ಮಾ, ಭಾನುವಾರ ಊಟಕ್ಕೆ ಒಬ್ಬರು ಬರ್ತಾರೆ."

ಆ ಕಡೆ ಪಾತ್ರೆ ಸದ್ದು ನಿಂತಿತು. ಅಮ್ಮ ಯಾರು ಅನ್ನಲಿಲ್ಲ, ಏಕೆ ಅನ್ನಲಿಲ್ಲ. "ಅವರು ಖಾರ ತಿಂತಾರೇನೆ?" ಅಂದರು.

ಅವಳು ಫೋನನ್ನು ಕಿವಿಯಿಂದ ಸರಿಸಿದಳು. "ಖಾರ ತಿಂತೀರಾ?"

"ಇಲ್ಲ," ಅಂದ ಆತ. ಅವಳ ಮುಖ ನೋಡಿ ತಿದ್ದಿಕೊಂಡ. "ಭಾನುವಾರದಿಂದ ತಿಂತೀನಿ."